ಇಬ್ಬರ ದುಡಿಮೆಗೆ ಒಂದೇ ಹೆಸರು

ಹಿತ್ತಲಿನ ಗುಂಡಿಯಲ್ಲಿ ಸೆಗಣಿಯನ್ನು ಕದಡಿ ತುಂಬಿ, ಗಾಳಿಯಾಡದಂತೆ ಮುಚ್ಚಿ, ಅದರಿಂದ ಹೊರಡುವ ಅನಿಲದಿಂದ ಅಡಿಗೆ ಮಾಡುವ ಮನೆಗಳು ನಮ್ಮ ನಾಡಿನಲ್ಲಿ ಬಹಳ. ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಪುರ ಎಂಬ ಚಿಕ್ಕ ಹಳ್ಳಿಯಲ್ಲಿ 1987ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರೂ ಅವರ ಸಂಗಡಿಗರೂ ಊರವರ ದನಗಳ ಸೆಗಣಿಯನ್ನೇ ಕೂಡಿಸಿ, ಆ ಅನಿಲವನ್ನು ಡೀಸೆಲ್ಲಿನೊಡನೆ ಉರಿಸಿ ಯಂತ್ರ ನಡೆಯಿಸಿ, ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿದ್ದುಂಟು. ಗುಂಡಿ ಕಟ್ಟಿದ ಗವಂಡಿಯ ಹೆಸರು ಊರಿಗೆ ಗೊತ್ತಿರುತ್ತದೆ, ಯಂತ್ರ ತಂದವರ ಹೆಸರು ವರದಿಯಲ್ಲಿ ಬರುತ್ತದೆ. ಆದರೆ ಗುಂಡಿಯೊಳಗೆ ಕತ್ತಲೆಯಲ್ಲಿ ಕುಳಿತು ಸೆಗಣಿಯನ್ನು ಅನಿಲವಾಗಿ ಮಾರ್ಪಡಿಸುವವರು ಯಾರು? ಅವರನ್ನು ಕಂಡುಹಿಡಿದವರು ಯಾರು? ಈ ಎರಡನೆಯ ಪ್ರಶ್ನೆಯ ಉತ್ತರವು ಅಮೇರಿಕೆಯ ಇಲಿನಾಯ್ ವಿಶ್ವವಿದ್ಯಾಲಯವಿರುವ ಅರ್ಬಾನಾ ಪಟ್ಟಣದಲ್ಲಿ ಬಹುಮಟ್ಟಿಗೆ ದೊರೆಯುತ್ತದೆ. ಅದನ್ನೇ ಇಂದು ವಾಚಕರ ಮುಂದೆ ಇಡಬೇಕೆಂದಿದ್ದೇವೆ.

ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿ, ಮೆಟ್ರಿಕ್ಯುಲೇಶನ್ನಿಗೆ ಓದು ಮುಗಿಸಿದವರು ನಾವು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಪಾಂಡಿತ್ಯದ ಹಕ್ಕು ನಮಗಿಲ್ಲ. ಆದರೂ ಕೂಡಿ ದುಡಿಯುವವರ ಕಥೆಯನ್ನು ಅರಿಯುವದಕ್ಕೆ ಪದವಿಯ ಆವಶ್ಯಕತೆಯಿಲ್ಲವೆಂದು ನಂಬಿದ್ದೇವೆ.

1940ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬಾರ್ಕರ್ ಎಂಬ ವಿದ್ವಾಂಸರು ಮದ್ಯಸಾರವನ್ನು ಉಂಡು ಮಿಥೇನ್ ಅನಿಲವನ್ನು ಹೊರಸೂಸುವ ಒಂದು ಸೂಕ್ಷ್ಮಜೀವಿಯನ್ನು ಬೇರೆ ಮಾಡಿ ಬೆಳೆಸಿದುದಾಗಿ ಪ್ರಕಟಿಸಿದರು. ಒಮೆಲಿಯಾನ್ಸ್ಕಿ ಎಂಬ ರಷ್ಯನ್ ಪಂಡಿತರ ಹೆಸರನ್ನು ಅದಕ್ಕೆ ಇಡಲಾಗಿತ್ತು. ಕಾಲು ಶತಮಾನದವರೆಗೆ ಶಾಸ್ತ್ರಗ್ರಂಥಗಳೆಲ್ಲ ಅದನ್ನು ಒಂದೇ ಜೀವಿಯೆಂದು ಎಣಿಸಿದವು. ಅರ್ಬಾನಾದಲ್ಲಿ ರಾಲ್ಫ್ ವುಲ್ಫ್ ಎಂಬವರು ಮಿಥೇನ್ ಹುಟ್ಟುವ ಬಗೆಯನ್ನು ಶೋಧಿಸಲು ಹೊರಟಾಗ ಇದೇ ಜೀವಿಯನ್ನು ಕೈಗೆ ತೆಗೆದುಕೊಂಡರು.

ಅಲ್ಲಿಗೆ 1964ರಲ್ಲಿ ಮಾರ್ವಿನ್ ಬ್ರಯಂಟ್ ಬಂದರು. ಇವರು ದನದ ಹೊಟ್ಟೆಯ ಪಂಡಿತರು. ಮೆಲುಕು ಹಾಕುವ ಪ್ರಾಣಿಯ ಮೊದಲನೆಯ ಹೊಟ್ಟೆಯಲ್ಲಿ ಹುಲ್ಲನ್ನು ಜೀರ್ಣಿಸುವ ಜೀವಿಗಳಿಗೆ ಗಾಳಿಯೊಳಗಿನ ಆಮ್ಲಜನಕವೇ ವಿಷ. ಅಂಥವುಗಳನ್ನು ಆಮ್ಲಜನಕದ ಸೋಂಕಿಲ್ಲದೆ ಗಾಜಿನ ನಳಿಗೆಯ ಒಳಮೈಯಲ್ಲಿ ತೆಳ್ಳಗೆ ಹರಡಿ ಬೆಳೆಸುವ ವಿದ್ಯೆಯನ್ನು ಬ್ರಯಂಟರು ತಮ್ಮ ಗುರು ರಾಬರ್ಟ್ ಹಂಗೇಟರಿಂದ ಕಲಿತಿದ್ದರು. ಪ್ರಸಿದ್ಧವಾದ ಆ 'ಒಂದೇ ಜೀವಿ'ಯನ್ನು ಈ ಬಗೆಯಿಂದ ಬೆಳೆಸಿ ನೋಡಿದಾಗ ಅದು ಒಂದಲ್ಲ, ಎರಡು ಎಂದು ಕಂಡಿತು!

ಮೊದಲನೆಯದು ಮದ್ಯಸಾರವನ್ನು ಉಣ್ಣುತ್ತದೆ, ಜಲಜನಕವನ್ನು ಹೊರಗೆ ಬಿಡುತ್ತದೆ, ಮಿಥೇನನ್ನು ಮಾಡಲಾರದು. ಎರಡನೆಯದು ಮದ್ಯಸಾರವನ್ನು ಮುಟ್ಟುವದೇ ಇಲ್ಲ. ಜಲಜನಕವನ್ನೂ ಇಂಗಾಲಾಮ್ಲ ವಾಯುವನ್ನೂ ಕೂಡಿಸಿ ಮಿಥೇನನ್ನು ಮಾಡುತ್ತದೆ. ಇಷ್ಟೇ ಆಗಿದ್ದರೆ ಇದು ನೆರೆಹೊರೆಯ ಕೊಡುಕೊಳ್ಳುವಿಕೆ ಎನ್ನಬಹುದಾಗಿತ್ತು. ಆದರೆ ಸಂಬಂಧ ಅದಕ್ಕಿಂತ ಬಿಗಿಯಾದದ್ದು. ಮೊದಲನೆಯದನ್ನು ಒಂಟಿಯಾಗಿ ಬಿಟ್ಟರೆ, ಅದು ತಾನೇ ಬಿಟ್ಟ ಜಲಜನಕವು ಸುತ್ತಲೂ ತುಂಬಿ, ಅದರ ಬೆಳವಣಿಗೆ ಕುಂಠಿತವಾಗುತ್ತದೆ. ಎರಡನೆಯದು ಆ ಜಲಜನಕವನ್ನು ತೆಗೆದುಕೊಳ್ಳುತ್ತ ಹೋದರೇನೇ ಮೊದಲನೆಯದಕ್ಕೆ ಉಣ್ಣಲು ಸಾಧ್ಯ. ಮೊದಲನೆಯದು ಉಂಡರೇನೇ ಎರಡನೆಯದಕ್ಕೆ ಅನ್ನ. ಒಂದರ ಎಂಜಲು ಮತ್ತೊಂದರ ಊಟವೆಂದು ಹೇಳಿದರೆ ಅರ್ಧವನ್ನು ಮಾತ್ರ ಹೇಳಿದಂತಾಯಿತು. ಎಂಜಲನ್ನು ಎತ್ತುವವನಿಲ್ಲದಿದ್ದರೆ ಉಣ್ಣುವವನೂ ಉಪವಾಸವೆಂಬುದು ಉಳಿದರ್ಧ. ದನದ ಹೊಟ್ಟೆಯಲ್ಲಿಯೂ ಕೆರೆಯ ಕೆಸರಿನಲ್ಲಿಯೂ ನಮ್ಮ ಗೊಬ್ಬರದ ಗುಂಡಿಯಲ್ಲಿಯೂ ಈ ತೆರದ ಕೂಡುಸಂಸಾರವೇ ನಡೆದಿದೆ.

ಈ ಸಂಗತಿಯನ್ನು 1967ರಲ್ಲಿ ಪ್ರಕಟಿಸಿದ ಲೇಖನದ ಮೇಲೆ ನಾಲ್ಕು ಹೆಸರುಗಳಿವೆ: ಬ್ರಯಂಟ್, ಈಲೀನ್ ವೊಲಿನ್, ಮೇಯರ್ ವೊಲಿನ್, ವುಲ್ಫ್. ಇದರಲ್ಲಿ ವುಲ್ಫರ ನಡತೆಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ತಾವು ವರ್ಷಗಟ್ಟಲೆ ಒಂದೇ ಎಂದು ನಂಬಿ ದುಡಿದುದು ಎರಡೆಂದು ತೋರಿಬಂದಾಗ ಅದನ್ನು ಮುಚ್ಚಿಡದೆ, ಆ ಲೇಖನಕ್ಕೇ ತಮ್ಮ ಹೆಸರನ್ನು ಕೂಡಿಸಿದರು. ರಾಜಕಾರಣದಲ್ಲಿ ಇಂಥದನ್ನು ನಾವು ಕಂಡುದು ಕಡಿಮೆ.

ಹತ್ತು ವರ್ಷಗಳ ತರುವಾಯ ಇದೇ ವುಲ್ಫರ ಧೈರ್ಯಕ್ಕೆ ಇನ್ನೂ ದೊಡ್ಡ ಪರೀಕ್ಷೆ ಬಂತು. ಅದೇ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ವೋಸ್ ಎಂಬವರಿದ್ದರು. ಭೌತಶಾಸ್ತ್ರವನ್ನು ಓದಿ ಜೀವಶಾಸ್ತ್ರಕ್ಕೆ ಬಂದವರು. ಜನರೊಡನೆ ಬೆರೆಯುವದು ಕಡಿಮೆ. ಎಲ್ಲ ಜೀವಕೋಶಗಳಲ್ಲಿಯೂ ಇರುವ ರೈಬೊಸೋಮ್ ಎಂಬ ಕಣದೊಳಗಿನ ಒಂದು ದ್ರವ್ಯವನ್ನು ತುಂಡು ತುಂಡಾಗಿ ಕತ್ತರಿಸಿ, ಆ ತುಂಡುಗಳ ಗುರುತನ್ನು ಹೋಲಿಸಿ, ಜೀವಿಗಳ ವಂಶಾವಳಿಯನ್ನು ಬರೆಯಬೇಕೆಂಬುದು ಅವರ ಹಟ. ತುಂಡುಗಳು ಫಿಲ್ಮಿನ ಮೇಲೆ ಕಪ್ಪು ಚುಕ್ಕೆಗಳಾಗಿ ಮೂಡುತ್ತಿದ್ದವು. ಬೆಳಕಿನ ಹಲಗೆಗೆ ಅವನ್ನು ಹಚ್ಚಿ ದಿನವೆಲ್ಲ ಓದುತ್ತ ವೋಸರು ವರ್ಷಗಳನ್ನು ಕಳೆದರು.

ಮಿಥೇನ್ ಜೀವಿಗಳನ್ನು ಈ ರೀತಿ ಓದುವದಕ್ಕೆ ಅವನ್ನು ವಿಕಿರಣಶೀಲ ರಂಜಕವನ್ನುಣಿಸಿ ಬೆಳೆಸಬೇಕಾಗಿತ್ತು. ಆಮ್ಲಜನಕ ಒಳಗೆ ಬರಬಾರದು, ವಿಕಿರಣ ವಸ್ತು ಹೊರಗೆ ಹೋಗಬಾರದು. ವುಲ್ಫರ ಶಿಷ್ಯ ವಿಲಿಯಂ ಬಾಲ್ಚ್ ಭದ್ರವಾಗಿ ಮುಚ್ಚಿದ ಗಾಜಿನ ನಳಿಗೆಗಳಲ್ಲಿ ಜಲಜನಕವನ್ನು ಒತ್ತಿ ತುಂಬಿ ಬೆಳೆಸುವ ಉಪಾಯವನ್ನು ಹೂಡಿದರು. ಲಿಂಡಾ ಮ್ಯಾಗ್ರಮ್ ಎಂಬ ಮಹಿಳೆಯೂ ಜಾರ್ಜ್ ಫಾಕ್ಸ್ ಎಂಬ ತರುಣರೂ ವೋಸರ ಪ್ರಯೋಗಶಾಲೆಯಲ್ಲಿ ದುಡಿದರು. ಮೊದಲು ಪರೀಕ್ಷೆಗೆ ಬಂದ ಜೀವಿಯು ಅರ್ಬಾನಾದ ಊರ ಕೊಳಚೆಯಿಂದ ವುಲ್ಫರ ಪ್ರಯೋಗಶಾಲೆಯಲ್ಲಿ ಹೆಕ್ಕಿ ತೆಗೆದದ್ದು. 1976ರಲ್ಲಿ ಅದರ ಫಿಲ್ಮನ್ನು ಓದಿದಾಗ, ಬ್ಯಾಕ್ಟೀರಿಯಗಳಲ್ಲಿ ಇರಲೇಬೇಕಾದ ಗುರುತುಗಳು ಅದರಲ್ಲಿ ಇರಲಿಲ್ಲ. ಅದು ಬ್ಯಾಕ್ಟೀರಿಯವೂ ಅಲ್ಲ, ಪ್ರಾಣಿ ಸಸ್ಯಗಳ ಕುಲವೂ ಅಲ್ಲ. ಜೀವಕುಲದ ಮೂರನೆಯ ಕವಲೊಂದು ಕೊಳಚೆಯಲ್ಲಿಯೂ ದನದ ಹೊಟ್ಟೆಯಲ್ಲಿಯೂ ಇಷ್ಟು ಕಾಲ ಹೆಸರಿಲ್ಲದೆ ಬಾಳಿತ್ತು.

1977ರ ನವೆಂಬರ್ 3ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮೊದಲನೆಯ ಪುಟದಲ್ಲಿ ಈ ವಾರ್ತೆ ಬಂತು. ವಿದ್ವನ್ಮಂಡಲಿಯಲ್ಲಿ ಹಲವರು ಕೆರಳಿದರು. ನೊಬೆಲ್ ಪಾರಿತೋಷಕವನ್ನು ಪಡೆದ ಸಾಲ್ವಡೋರ್ ಲೂರಿಯಾ ವುಲ್ಫರಿಗೆ ದೂರವಾಣಿ ಮಾಡಿ, ಈ ಹುಚ್ಚಾಟದಿಂದ ಕೂಡಲೇ ದೂರ ಸರಿ, ಇಲ್ಲವಾದರೆ ನಿನ್ನ ಹೆಸರು ಕೆಟ್ಟೀತು ಎಂಬರ್ಥದ ಮಾತನ್ನಾಡಿದರು. ಆಗ ತಮಗೆ ಎಲ್ಲಿಯಾದರೂ ಅಡಗಿಕೊಳ್ಳಬೇಕೆನ್ನಿಸಿತೆಂದು ವುಲ್ಫರೇ ಮುಂದೆ ಬರೆದಿದ್ದಾರೆ. ಆದರೂ ಪ್ರಮಾಣಗಳು ಪ್ರಕಟವಾಗಿವೆ, ನೋಡಿಕೊಳ್ಳಬಹುದು ಎಂಬ ನಿಲುವನ್ನು ಅವರು ಬಿಡಲಿಲ್ಲ. ಅಂಜದವನ ಧೈರ್ಯಕ್ಕಿಂತ ಅಂಜಿಯೂ ಸ್ನೇಹಿತನನ್ನು ಬಿಟ್ಟುಕೊಡದವನ ಧೈರ್ಯವನ್ನು ನಾವು ಹೆಚ್ಚೆಂದು ಭಾವಿಸುತ್ತೇವೆ. 1996ರಲ್ಲಿ ಆ ಕುಲದ ಒಂದು ಜೀವಿಯ ವಂಶದ್ರವ್ಯವನ್ನು ಪೂರ್ತಿಯಾಗಿ ಓದಲಾಯಿತು. ಸಂಶಯಗಳು ಬಹುಮಟ್ಟಿಗೆ ಅಡಗಿದವು. ಈ ಜೀವಿಗಳಿಗೆ ಆರ್ಕಿಯ ಎಂಬ ಹೆಸರು ಇಂದು ಶಾಲೆಯ ಪುಸ್ತಕಗಳಲ್ಲಿಯೂ ಇದೆ. 2003ರಲ್ಲಿ ವೋಸರಿಗೆ ಸ್ವೀಡನ್ನಿನ ಕ್ರಾಫೂರ್ಡ್ ಪಾರಿತೋಷಕ ಬಂತು. ಅವರು 2012ರಲ್ಲಿಯೂ ವುಲ್ಫರು 2019ರಲ್ಲಿಯೂ ತೀರಿಕೊಂಡರು.

ಇನ್ನು ನಮ್ಮ ತಕರಾರಿನ ಮಾತು. ಮಿಥೇನ್ ಜೀವಿಗಳ ಪರೀಕ್ಷೆಯನ್ನು ವರ್ಣಿಸಿದ 1977ರ ಅಕ್ಟೋಬರದ ಲೇಖನದ ಮೇಲೆ ಫಾಕ್ಸ್, ಮ್ಯಾಗ್ರಮ್, ಬಾಲ್ಚ್, ವುಲ್ಫ್, ವೋಸ್ ಎಂದು ಐದು ಹೆಸರುಗಳಿವೆ. ಮೂರನೆಯ ಕುಲವನ್ನು ಸಾರಿದ ಮರುತಿಂಗಳಿನ ಲೇಖನದ ಮೇಲೆ ಎರಡು: ವೋಸ್, ಫಾಕ್ಸ್. ಲೋಕದ ನೆನಪಿನಲ್ಲಿ ಒಂದು. ವೋಸರ ಯೋಗ್ಯತೆಯನ್ನು ಕುಂದಿಸುವ ಇಚ್ಛೆ ನಮಗಿಲ್ಲ. ಅವರ ಹಟವಿಲ್ಲದೆ ಏನೂ ಆಗುತ್ತಿರಲಿಲ್ಲ. ಆದರೆ ಐದನ್ನು ಒಂದಾಗಿಸಿದ ಪಾಪದಲ್ಲಿ ಪತ್ರಿಕೆಗಳವರದು ದೊಡ್ಡ ಪಾಲು. ನಾವೂ ಅದರಿಂದ ಹೊರತಲ್ಲ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಶೋಧನೆಯ ವರದಿಯನ್ನು ಅಚ್ಚುಹಾಕುವಾಗ ಸ್ಥಳಾಭಾವದ ನೆವದಿಂದ ಮುಖ್ಯಸ್ಥರೊಬ್ಬರ ಹೆಸರನ್ನಿಟ್ಟು ಉಳಿದವನ್ನು ನಾವೇ ಕತ್ತರಿಸಿದ್ದೆವು. ಮರುದಿನ ಮುಪ್ಪಿನ ಗೃಹಸ್ಥರೊಬ್ಬರು ಕಚೇರಿಗೆ ಬಂದು, ತಮ್ಮ ಮಗಳು ಆ ಕೆಲಸದಲ್ಲಿದ್ದಳೆಂದು ಹೇಳಿ ಹತ್ತು ಪ್ರತಿಗಳನ್ನು ಕೊಂಡರು. ಅಲ್ಲಿಯೇ ಬಾಕಿನ ಮೇಲೆ ಕುಳಿತು ಎರಡು ಸಾರೆ ಓದಿದರು. ಏನೂ ಅನ್ನಲಿಲ್ಲ. ಪ್ರತಿಗಳನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು ಹೋದರು.

ವಿದ್ವಾಂಸರು ತಮ್ಮೊಳಗೆ ಒಬ್ಬರನ್ನೊಬ್ಬರು ನೆನೆಯುವ ಬಗೆ ಬೇರೆ. ಮಿಥೇನ್ ಜೀವಿಯೊಂದಕ್ಕೆ ಬಾರ್ಕರರ ಹೆಸರಿದೆ, ಇನ್ನೊಂದಕ್ಕೆ ಹಂಗೇಟರದು. ಕೂಡಿ ಬಾಳುವ ಜೀವಿಗಳಲ್ಲಿ ಒಂದಕ್ಕೆ ವುಲ್ಫರದು, ಒಂದಕ್ಕೆ ವೊಲಿನ್ನರದು. 1967ರಲ್ಲಿ ಬಿಡಿಸಿದ ಆ ಜೋಡಿಯಲ್ಲಿ ಮಿಥೇನನ್ನು ಮಾಡುವ ಜೀವಿಗೆ ಬ್ರಯಂಟರ ಹೆಸರನ್ನಿಟ್ಟರು. ಅದಕ್ಕೆ ಜಲಜನಕವನ್ನು ಉಣಬಡಿಸುತ್ತಿದ್ದ ಜೊತೆಗಾರ ಜೀವಿಯನ್ನು ಮಾತ್ರ ಗ್ರಂಥಗಳಲ್ಲಿ ಇಂದಿಗೂ 'ಎಸ್' ಎಂಬ ಒಂದೇ ಅಕ್ಷರದಿಂದ ಕರೆಯುತ್ತಾರೆ.