ವೇದಾವತಿಯ ಜಾಡಿನಲ್ಲಿ ದುರ್ಗದ ಸುತ್ತು

ಬೆಂಗಳೂರಿನಿಂದ ಹುಬ್ಬಳ್ಳಿಯತ್ತ ಧಾವಿಸುವವರಿಗೆ ಹಿರಿಯೂರು ಅಂದರೆ ಹೆದ್ದಾರಿ ಬದಿಯ ಹೋಟೆಲುಗಳು. ಚಿತ್ರದುರ್ಗ ಅಂದರೆ ಗುಡ್ಡದ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳು. ಬಿಡುವಿದ್ದವರು ಕೋಟೆ ಹತ್ತಿ ಇಳಿಯುತ್ತಾರೆ, ಇಲ್ಲದವರು ‘ಬರದ ಸೀಮೆ’ ಎಂದು ಷರಾ ಬರೆದು ಗಾಡಿ ಓಡಿಸುತ್ತಾರೆ. ಈ ಷರಾ ಅನ್ಯಾಯದ್ದು. ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು ಮಾರಿಕಣಿವೆ, ಹೊಸದುರ್ಗ, ಹೊಳಲ್ಕೆರೆ ಹಾದು ಚಿತ್ರದುರ್ಗಕ್ಕೆ ಬಂದು, ಮತ್ತೆ ಹೆದ್ದಾರಿ ಹಿಡಿದು ಹಿರಿಯೂರು ಮುಟ್ಟಿದರೆ ಒಂದು ಸುತ್ತು. ಹೆಚ್ಚುಕಡಿಮೆ 160 ಕಿ.ಮೀ. ಅಷ್ಟರೊಳಗೆ ಎರೆಹೊಲ, ಕಣಿವೆ, ಸಮುದ್ರದಂಥ ಹಿನ್ನೀರು, ಕೆಂಪು ಮಸಾರಿ, ತೆಂಗಿನ ಸಾಲು, ಅಡಿಕೆ ತೋಟ, ಬಂಡೆಗಳ ಬೆಟ್ಟ ಎಲ್ಲವೂ ಎದುರಾಗುತ್ತವೆ. ಮಳೆಯನ್ನು ನಂಬುವಂತಿಲ್ಲದ ಜಿಲ್ಲೆ ಇದು. ವರ್ಷಕ್ಕೆ 600 ಮಿ.ಮೀ. ಮುಟ್ಟುವುದೇ ದೊಡ್ಡದು. ಆದರೂ ಇಷ್ಟು ಬಗೆಯ ನೋಟ ಹೇಗೆ ಬಂತು? ಬಿದ್ದ ಹನಿಯನ್ನು ಎಲ್ಲಿ, ಹೇಗೆ ತಡೆದು ನಿಲ್ಲಿಸಿಕೊಂಡರು ಎನ್ನುವುದರಲ್ಲಿದೆ ಅದರ ಉತ್ತರ. ಈ ದಾರಿಯಲ್ಲಿ ನಾನು ಪ್ರತಿ ಊರಿನಲ್ಲೂ ಮೊದಲು ಹುಡುಕುವುದು ನೀರಿನ ಜಾಗವನ್ನೇ.

ಹಿರಿಯೂರಿನಲ್ಲಿ ಅದನ್ನು ಹುಡುಕಬೇಕಾಗಿಲ್ಲ. ಊರೇ ವೇದಾವತಿಯ ದಂಡೆಯಲ್ಲಿದೆ. ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಹೊಸದುರ್ಗದ ಸೀಮೆ ದಾಟಿ, ಇಲ್ಲಿಗೆ ಬಂದು, ಮುಂದೆ ಚಳ್ಳಕೆರೆಯತ್ತ ಹೋಗುತ್ತದೆ. ಆಂಧ್ರದ ಗಡಿ ದಾಟಿದ ಮೇಲೆ ಅದು ಹಗರಿ. ದಂಡೆಯ ತೇರುಮಲ್ಲೇಶ್ವರ ದೇವಸ್ಥಾನದ ಮುಖಮಂಟಪದಲ್ಲಿ ನಿಂತು ತಲೆಯೆತ್ತಿದರೆ ಪಾಳೆಯಗಾರರ ಕಾಲದ ಚಿತ್ರಗಳು ಕಾಣುತ್ತವೆ. ಬಣ್ಣ ಮಾಸಿದ್ದರೂ ಶಿವನ ಕಥೆಗಳನ್ನು ಗುರುತು ಹಿಡಿಯಬಹುದು. ಕತ್ತು ನೋಯುವವರೆಗೆ ನೋಡಿ, ಆಮೇಲೆ ಹೊಸದುರ್ಗದ ರಸ್ತೆ ಹಿಡಿಯಿರಿ.

ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿಗೆ ಬೆಟ್ಟದ ಸಾಲು ಅಡ್ಡ ನಿಲ್ಲುತ್ತದೆ. ಚಿತ್ರದುರ್ಗದ ಜೋಗಿಮಟ್ಟಿಯಿಂದ ದಕ್ಷಿಣಕ್ಕೆ ಹರಡಿಕೊಂಡ ಸಾಲು ಇದು. ವೇದಾವತಿ ಈ ಸಾಲನ್ನು ಸೀಳಿಕೊಂಡು ಬಂದ ಇಕ್ಕಟ್ಟಿನ ಜಾಗವೇ ಮಾರಿಕಣಿವೆ. ಬುಡದಲ್ಲಿ ಕಣಿವೆ ಮಾರಮ್ಮ ಇದ್ದಾಳೆ, ಮೇಲೆ ವಾಣಿವಿಲಾಸ ಸಾಗರವಿದೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಬಾಯಿಗೆ ಕಲ್ಲಿನ ಕಟ್ಟೆ ಹಾಕಿದರೆ ಹಿಂದೆ ಸಮುದ್ರವೇ ನಿಲ್ಲುತ್ತದೆ ಎಂದು ಲೆಕ್ಕ ಹಾಕಿದವರು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದ ಮೈಸೂರು ಸಂಸ್ಥಾನದ ಎಂಜಿನಿಯರುಗಳು. 19ನೇ ಶತಮಾನದ ಕೊನೆಯಲ್ಲಿ ಆರಂಭವಾದ ಕೆಲಸ 1907ರ ಹೊತ್ತಿಗೆ ಮುಗಿಯಿತು. ಕೆಲಸ ಆರಂಭವಾದಾಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನೇ ಜಲಾಶಯಕ್ಕಿಟ್ಟರು. ಕನ್ನಂಬಾಡಿಗಿಂತ ಹಿರಿಯ ಅಣೆಕಟ್ಟೆ ಇದು. ಸಂಗ್ರಹ ಸಾಮರ್ಥ್ಯ 30 ಟಿಎಂಸಿ ಅಡಿ.

ಕಟ್ಟೆಯ ಮೇಲಿನ ಮಂಟಪದಲ್ಲಿ ನಿಂತರೆ ಒಂದು ಕಡೆ ಗುಡ್ಡಗಳ ಸಂದುಗಳಿಗೆಲ್ಲ ಕೈಚಾಚಿದ ನೀರು, ಇನ್ನೊಂದು ಕಡೆ ನಾಲೆಯ ಜೊತೆಗೇ ಸಾಗುವ ತೆಂಗಿನ ಹಸಿರು. ಆ ಹಸಿರು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಕುರುಚಲು ಕಾಡು, ಬೋಳುಗುಡ್ಡ ಶುರು. ನಾಲೆಯ ನೀರು ಎಷ್ಟು ದೂರ ಮುಟ್ಟುತ್ತದೆ ಎನ್ನುವುದನ್ನು ಯಾರೂ ಹೇಳಬೇಕಾಗಿಲ್ಲ, ನಿಂತಲ್ಲೇ ಕಾಣುತ್ತದೆ.

ಈ ಜಲಾಶಯದ ಕಥೆಯಲ್ಲಿ ಮನಸ್ಸು ಹಿಡಿದು ನಿಲ್ಲಿಸುವುದು ಕೋಡಿಯ ಸಂಗತಿ. ನೀರು 130 ಅಡಿ ಮುಟ್ಟಿದಾಗ ಕೋಡಿ ಬೀಳುತ್ತದೆ. 1933ರಲ್ಲಿ ಬಿತ್ತು. ಆಮೇಲೆ 89 ವರ್ಷ ಬೀಳಲೇ ಇಲ್ಲ. ಅಜ್ಜನ ಬಾಯಲ್ಲಿ ಕೇಳಿದ್ದನ್ನು ಮೊಮ್ಮಕ್ಕಳು ತಮ್ಮ ಮಕ್ಕಳಿಗೆ ಹೇಳುವಷ್ಟು ಕಾಲ ಹಿರಿಯೂರು ಕಾದಿತ್ತು. 2022ರ ಸೆಪ್ಟೆಂಬರಿನಲ್ಲಿ ಕೊನೆಗೂ ನೀರು ಕೋಡಿ ಹಾರಿದಾಗ ಹಬ್ಬವೇ ಆಯಿತು. 2025ರ ಜನವರಿಯಲ್ಲಿ ಮೂರನೆಯ ಬಾರಿ ಬಿತ್ತು. ಒಳ್ಳೆಯ ಮಳೆ ಇದಕ್ಕೆ ಒಂದು ಕಾರಣ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ಪಂಪ್‌ಗಳಿಂದ ಎತ್ತಿ, ಅಜ್ಜಂಪುರದ ಸುರಂಗದೊಳಗೆ ಹಾಯಿಸಿ ಈ ಕಡೆ ಬಿಡುತ್ತಿರುವುದು ಇನ್ನೊಂದು. ದಶಕಗಳ ಹೋರಾಟದ ಫಲ ಅದು. ಯೋಜನೆ ಇನ್ನೂ ಪೂರ್ತಿಯಾಗಿಲ್ಲ. 2023ರ ಕೇಂದ್ರ ಬಜೆಟ್‌ನಲ್ಲಿ ಇದಕ್ಕೆಂದು ಘೋಷಣೆಯಾದ 5,300 ಕೋಟಿ ರೂಪಾಯಿಯ ವಿಷಯ ತೆಗೆದರೆ ಇಲ್ಲಿನ ಯಾವ ರೈತನೂ ಸುಮ್ಮನೆ ಕೂರುವುದಿಲ್ಲ.

ಆದರೆ ಇದೇ ನೀರಿಗೆ ಇನ್ನೊಂದು ಮುಖವಿದೆ. ಗುಡ್ಡ ಹತ್ತಿಳಿದು ಹೊಸದುರ್ಗ ತಾಲ್ಲೂಕಿನೊಳಗೆ ಹೋದವರಿಗೆ ಅದು ಕಾಣುತ್ತದೆ. ಹಿರಿಯೂರಿನಲ್ಲಿ ಬಾಗಿನದ ಸಂಭ್ರಮ ನಡೆಯುವಾಗ ಹಿನ್ನೀರಿನ ಅಂಚಿನ ಹಳ್ಳಿಗಳಲ್ಲಿ ತೋಟಗಳು ಮುಳುಗಿದವು, ಮನೆಗಳಿಗೆ ನೀರು ನುಗ್ಗಿತು. ಎಂಬತ್ತೊಂಬತ್ತು ವರ್ಷ ಒಣಗಿದ್ದ ನೆಲದಲ್ಲಿ ಜನ ಬೆಳೆ ಇಟ್ಟಿದ್ದರು, ಬದುಕು ಕಟ್ಟಿದ್ದರು. ಕೋಡಿಯ ಎತ್ತರ ತಗ್ಗಿಸಿ ಎಂದು ಇವರು ಕೇಳಿದರೆ, ಒಂದಡಿಯೂ ತಗ್ಗಿಸಕೂಡದು ಎಂದು ಕೆಳಗಿನವರು ಪಟ್ಟು ಹಿಡಿದರು. ಕಟ್ಟೆಯನ್ನು ತಗ್ಗಿಸುವ ಮಾತು ನನಗೆ ಒಪ್ಪಿಗೆಯಿಲ್ಲ. ಆದರೆ ಮುಳುಗಿದವರಿಗೆ ಕೊಡಬೇಕಾದ್ದನ್ನು ಸರ್ಕಾರ ಪೂರ್ತಿ ಕೊಡದೆ ಆ ನೀರಿಗೆ ಬಾಗಿನ ಬಿಡುವುದೂ ಸರಿಯಲ್ಲ.

ಹೊಸದುರ್ಗದ ಕಡೆ ನೆಲದ ಬಣ್ಣವೇ ಬೇರೆ. ಎರೆ ಹಿಂದೆ ಉಳಿದು ಕೆಂಪು ಮಸಾರಿ ಮುಂದಾಗುತ್ತದೆ. ದಿನ್ನೆಗಳಲ್ಲಿ ರಾಗಿ ಮತ್ತು ಸಾವೆ, ತಗ್ಗಿನಲ್ಲಿ ತೆಂಗು, ಈಚೆಗೆ ದಾಳಿಂಬೆಯ ತೋಟಗಳು. ಸಿರಿಧಾನ್ಯವೆಂದು ಪೇಟೆಯಲ್ಲಿ ಪೊಟ್ಟಣ ಕಟ್ಟಿ ಮಾರುವ ಮೊದಲೇ ಈ ತಾಲ್ಲೂಕಿನ ಮನೆಗಳಲ್ಲಿ ಸಾವೆ ಅನ್ನ ಇತ್ತು. ಕಡಿಮೆ ಮಳೆಯಲ್ಲೂ ಕೈಬಿಡದ ಬೆಳೆ ಅದು. ಹೂವು ತೆನೆಯಾಗುವ ಹೊತ್ತಿಗೆ ಹೋದರೆ ಗಾಳಿಗೆ ಬಾಗುವ ಸಾವೆ ಹೊಲದ ಪಕ್ಕ ಗಾಡಿ ನಿಲ್ಲಿಸದೆ ಮುಂದೆ ಹೋಗಲಾಗದು. ಊರಿಗೆ ಹತ್ತಿರದಲ್ಲೇ ವೇದಾವತಿಯ ದಡದಲ್ಲಿ ಕೆಲ್ಲೋಡಿನ ಆಂಜನೇಯನಿದ್ದಾನೆ. ಹಾಲುರಾಮೇಶ್ವರದಲ್ಲಿ ಗಂಗೆಯ ಚಿಲುಮೆಯ ಮುಂದೆ ಕುಳಿತು ಬೇಡಿಕೊಂಡು, ನೀರಿನಿಂದ ಮೇಲೆ ಬಂದದ್ದನ್ನು ಪ್ರಸಾದವೆಂದು ಉಡಿಗೆ ಹಾಕಿಸಿಕೊಳ್ಳುವ ಹೆಂಗಸರು ದೂರದ ಊರುಗಳಿಂದ ಬರುತ್ತಾರೆ. ಒಣನೆಲದ ಜನಕ್ಕೆ ಚಿಲುಮೆಯೇ ದೇವರಾಗುವುದು ಸಹಜ.

ಸಮಯವಿದ್ದರೆ ಸಾಣೇಹಳ್ಳಿಗೆ ಅಡ್ಡದಾರಿ ಹಿಡಿಯಲೇಬೇಕು. ಚಿಕ್ಕ ಹಳ್ಳಿ. ಆದರೆ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಇಲ್ಲಿ ಶಿವಕುಮಾರ ಕಲಾಸಂಘ ಕಟ್ಟಿ, ‘ಶಿವಸಂಚಾರ’ ಎಂಬ ತಿರುಗಾಟದ ತಂಡ ಬೆಳೆಸಿ, ಗ್ರೀಕ್ ಮಾದರಿಯ ಬಯಲು ರಂಗಮಂದಿರ ಎಬ್ಬಿಸಿದರು. ನವೆಂಬರಿನ ನಾಟಕೋತ್ಸವದಲ್ಲಿ ಸುತ್ತಲ ಹಳ್ಳಿಗಳ ಜನ ಕಲ್ಲಿನ ಮೆಟ್ಟಿಲುಗಳ ಮೇಲೆ ಕುಳಿತು ರಾತ್ರಿಯ ಚಳಿಯಲ್ಲಿ ನಾಟಕ ನೋಡುವ ಗಾಂಭೀರ್ಯ ನಗರದ ಎಷ್ಟೋ ಸಭಾಂಗಣಗಳಲ್ಲಿ ಸಿಗುವುದಿಲ್ಲ.

ಹೊಳಲ್ಕೆರೆಯತ್ತ ಹೊರಟಂತೆ ಹೊಲಗಳಲ್ಲಿ ಮೆಕ್ಕೆಜೋಳ ಹೆಚ್ಚುತ್ತದೆ, ನಡುನಡುವೆ ಅಡಿಕೆ ತಲೆಯೆತ್ತುತ್ತದೆ. ಊರಿನಲ್ಲಿ ಬಯಲು ಗಣಪತಿಯನ್ನು ನೋಡಿ. ಮುಂದೆ ನಿಂತು ಕೈಮುಗಿದರೆ ಸಾಲದು, ಹಿಂದಕ್ಕೂ ಹೋಗಬೇಕು. ಬೆನ್ನ ಮೇಲೆ ಹೆಣೆದು ಇಳಿಬಿಟ್ಟ ಜಡೆ ಇದೆ. ಜಡೆಯ ಗಣಪನನ್ನು ಬೇರೆ ಕಡೆ ಕಂಡ ನೆನಪು ನನಗಿಲ್ಲ. 15ನೇ ಶತಮಾನದ ವಿಗ್ರಹವಿದು. ಇದೇ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿ 1943ರಲ್ಲಿ ಆರಂಭಿಸಿದ ಅನಾಥ ಸೇವಾಶ್ರಮ ಯೋಗ, ಆಯುರ್ವೇದ, ಶಿಕ್ಷಣವನ್ನು ಬಡವರ ಮಕ್ಕಳಿಗೆ ಮುಟ್ಟಿಸಿದೆ.

ಇಲ್ಲಿಂದ ಶಿವಮೊಗ್ಗ ಹೆದ್ದಾರಿಯಲ್ಲಿ ಚಿತ್ರದುರ್ಗಕ್ಕೆ ನೇರ ಹೋಗಬಹುದು. ಆದರೆ ಭೀಮಸಮುದ್ರದ ಕಡೆ ಹೊರಳಿದರೆ ದೊಡ್ಡ ಕೆರೆ, ಅದರ ಕೆಳಗೆ ದಟ್ಟ ತೋಟಗಳು, ಮಂಡಿಗಳು ಸಿಗುತ್ತವೆ. ಕೊಯ್ಲಿನ ದಿನಗಳಲ್ಲಿ ಖೇಣಿ ಹಿಡಿದವರ ಕಣದ ಪಕ್ಕ ಹತ್ತು ನಿಮಿಷ ನಿಂತು ನೋಡಿ. ಸುಲಿದ ಹಸಿ ಅಡಿಕೆ ಹಂಡೆಗೆ ಬೀಳುತ್ತದೆ, ಚೊಗರಿನ ಕಡುಗೆಂಪು ನೀರು ಕುದಿಯುತ್ತದೆ, ಬೆಂದ ಅಡಿಕೆ ಕಣದಲ್ಲಿ ಹರಡಿ ಬಿಸಿಲು ಕುಡಿಯುತ್ತ ದಿನದಿಂದ ದಿನಕ್ಕೆ ಕೆಂಪಾಗುತ್ತದೆ. ಅದರ ಒಗರು ವಾಸನೆ ಬಟ್ಟೆಗೂ ಹತ್ತುತ್ತದೆ. ಆಮೇಲೆ ರಾಶಿ, ಬೆಟ್ಟೆ, ಅಪಿ, ಕೆಂಪುಗೋಟು ಎಂದು ಬೇರೆಯಾಗಿ ಮಂಡಿಗೆ ಹೋಗುತ್ತದೆ. ಮಲೆನಾಡಿನ ಬೆಳೆ ಬಯಲುಸೀಮೆಗೆ ಇಳಿದದ್ದು ಕೆರೆ ಮತ್ತು ಕೊಳವೆಬಾವಿಯ ಬಲದಿಂದ. ಕೆರೆಯ ಬಲ ಹಳೆಯದು. ಕೊಳವೆಬಾವಿ ಒಂದೊಂದು ಬರಗಾಲಕ್ಕೂ ಇನ್ನಷ್ಟು ಆಳಕ್ಕಿಳಿಯುತ್ತಿದೆ. ಹೊಸ ತೋಟಗಳ ವೇಗ ನೋಡಿದರೆ ನನಗೆ ಭಯವಾಗುತ್ತದೆ.

ಚಿತ್ರದುರ್ಗಕ್ಕೆ ಬಂದವರು ಸೀದಾ ಕೋಟೆ ಬಾಗಿಲಿಗೆ ಹೋಗುತ್ತಾರೆ. ನಾನು ಮೊದಲು ಚಂದ್ರವಳ್ಳಿಗೆ ಹೋಗಿ ಎನ್ನುತ್ತೇನೆ. ಬಂಡೆಬೆಟ್ಟಗಳ ನಡುವಿನ ಕೆರೆ, ಅಂಕಲಿಮಠದ ಗುಹೆ, ಭೈರವೇಶ್ವರ ಗುಡಿಯ ಬಳಿ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನ. ಪ್ರಾಕೃತ ಭಾಷೆಯ ಆ ಶಾಸನ ಹೇಳುವುದೂ ಕೆರೆಯ ಕೆಲಸವನ್ನೇ. ಎಂ.ಎಚ್. ಕೃಷ್ಣ, ಅವರ ನಂತರ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ ಜಾಗವಿದು. ಶಾತವಾಹನರ ನಾಣ್ಯಗಳ ಜೊತೆಗೆ ರೋಮ್ ಚಕ್ರವರ್ತಿಗಳ ನಾಣ್ಯಗಳೂ ಈ ಮಣ್ಣಿನಲ್ಲಿ ಸಿಕ್ಕಿವೆ.

ಏಳು ಸುತ್ತಿನ ಕೋಟೆಯ ಮದಕರಿ ನಾಯಕ, 1779ರ ಹೈದರಾಲಿಯ ಗೆಲುವು, ಓಬವ್ವನ ಒನಕೆ, ಇವು ಎಲ್ಲರಿಗೂ ಗೊತ್ತು; ತ.ರಾ.ಸು. ಅವರ ಕಾದಂಬರಿಗಳು ಗೊತ್ತು ಮಾಡಿಸಿವೆ. ನೀವು ಈ ಸಲ ಹೊಂಡಗಳ ಜಾಡು ಹಿಡಿಯಿರಿ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ನೀರು ಅಕ್ಕ–ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ ಇಳಿಯುವಂತೆ ಮಾಡಿದ್ದರು. ಬೋಳುಬಂಡೆಯ ಮೇಲೆ ಬಿದ್ದ ಮಳೆಯನ್ನೂ ವ್ಯರ್ಥವಾಗಲು ಬಿಡದ ಲೆಕ್ಕಾಚಾರ. ಓಬವ್ವನ ಕಥೆಯೂ ತಣ್ಣೀರು ದೋಣಿಗೆ ನೀರಿಗೆಂದು ಹೋದಲ್ಲಿಂದಲೇ ಅಲ್ಲವೇ ಶುರುವಾಗುವುದು?

ಕೋಟೆ ಇಳಿದು ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿಂದು ಹೆದ್ದಾರಿ ಸೇರಿ. ಹಿರಿಯೂರಿಗೆ ವಾಪಸಾಗುವಾಗ ಐಮಂಗಲದ ಬಳಿ ಮರಡಿಹಳ್ಳಿಗೆ ತಿರುಗುವುದನ್ನು ಮರೆಯಬೇಡಿ. ಅಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಉಬ್ಬುಬ್ಬಾದ ಬಂಡೆಗಳಿವೆ. ಹತ್ತಿರ ಬಗ್ಗಿ ನೋಡಿದರೆ ಪ್ರತಿ ಉಬ್ಬಿನ ಸುತ್ತ ಬೇರೆ ಛಾಯೆಯ ಅಂಚು ಕಾಣುತ್ತದೆ. ನೀರಿನಡಿಯಲ್ಲಿ ಉಕ್ಕಿದ ಲಾವಾರಸದ ಹೊರಮೈ ತಟ್ಟನೆ ತಣಿದು ಹೆಪ್ಪುಗಟ್ಟಿದ ಗುರುತು ಅದು. ವಯಸ್ಸು ಸುಮಾರು 250 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ನಾವು ಬರದ ಸೀಮೆ ಎನ್ನುವ ಈ ನೆಲ ಒಂದು ಕಾಲದಲ್ಲಿ ನೀರಿನ ತಳವಾಗಿತ್ತು ಎನ್ನುವುದಕ್ಕೆ ಸಾಕ್ಷಿ, ಹೆದ್ದಾರಿಯಿಂದ ಸ್ವಲ್ಪವೇ ದೂರದಲ್ಲಿದೆ.

ಹೊರಡುವವರಿಗೆ ಮಳೆ ಮುಗಿದ ಅಕ್ಟೋಬರಿನಿಂದ ಜನವರಿ ಒಳ್ಳೆಯ ಕಾಲ. ಎರಡು ದಿನ ಇಟ್ಟುಕೊಳ್ಳಿ, ರಾತ್ರಿಗೆ ಚಿತ್ರದುರ್ಗದಲ್ಲಿ ತಂಗಿ. ಹಿನ್ನೀರಿಗೆ ಇಳಿಯಬೇಡಿ, ಆಳ ತಿಳಿಯುವುದಿಲ್ಲ. ಕೋಟೆಗೆ ಬೆಳಿಗ್ಗೆಯೇ ಹತ್ತಿ. ಮಕ್ಕಳನ್ನು ಮರಡಿಹಳ್ಳಿಗೆ ಖಂಡಿತ ಕರೆದೊಯ್ಯಿರಿ. ಆದರೆ ಅಲ್ಲಿನ ಕಲ್ಲನ್ನು ಕೆತ್ತಬೇಡಿ, ಚೂರನ್ನೂ ಮನೆಗೆ ತರಬೇಡಿ.