ಪರದೇಶದ ಹಣ, ಊರಿನ ಹಿಡಿತ: ಚಿಕಾಗೋದಿಂದ ಮೇಡ್ಲೇರಿಗೆ ಬಂದವರ ಕಥೆ

ತುಮಕೂರಿಗೆ ಅಂಟಿಕೊಂಡಿರುವ ಕ್ಯಾತ್ಸಂದ್ರದ ಸುತ್ತಿನ ಹಳ್ಳಿಗಳಲ್ಲಾಗಲಿ, ಗುಬ್ಬಿ, ಕುಣಿಗಲ್ ಕಡೆಯಲ್ಲಾಗಲಿ, ಮಗನೋ ಮಗಳೋ ಪರದೇಶದಲ್ಲಿ ನೌಕರಿಯಲ್ಲಿರುವ ಮನೆಗಳು ಈಗ ಅಪರೂಪವಲ್ಲ. ಹಬ್ಬಕ್ಕೋ ಮದುವೆಗೋ ಊರಿಗೆ ಬಂದಾಗ ಅವರು ಕೇಳುವ ಮಾತೊಂದಿದೆ: "ನಾವು ನಾಲ್ಕು ಜನ ಸ್ನೇಹಿತರು ಸೇರಿ ಊರಿಗೆ ಏನಾದರೂ ಮಾಡಬೇಕು ಅಂತಿದ್ದೇವೆ. ಏನು ಮಾಡೋಣ?" ಕೇಳಿದವರಿಗೆ ಹತ್ತು ಜನ ಹತ್ತು ಉತ್ತರ ಹೇಳುತ್ತಾರೆ. ಒಬ್ಬರಿಗೆ ದೇವಸ್ಥಾನದ ಗೋಪುರ, ಇನ್ನೊಬ್ಬರಿಗೆ ಶಾಲೆಯ ಕೊಠಡಿ, ಮತ್ತೊಬ್ಬರಿಗೆ ಕೊಳವೆ ಬಾವಿ.

ಈ ಪ್ರಶ್ನೆಯನ್ನು ಐವತ್ತು ವರ್ಷಗಳ ಹಿಂದೆಯೇ ಕೇಳಿಕೊಂಡವರಿದ್ದಾರೆ. ಅವರು ಕಂಡುಕೊಂಡ ಉತ್ತರವನ್ನು ನೋಡಲು ದೂರ ಹೋಗಬೇಕಿಲ್ಲ. ಕ್ಯಾತ್ಸಂದ್ರದ ಮುಂದೆ ಹಾದುಹೋಗುವ ಬೆಂಗಳೂರು-ಪುಣೆ ಹೆದ್ದಾರಿಯಲ್ಲೇ ಶಿರಾ, ಚಿತ್ರದುರ್ಗ, ದಾವಣಗೆರೆ ದಾಟಿ ಹೋದರೆ ರಾಣೆಬೆನ್ನೂರು ಸಿಗುತ್ತದೆ. ಆ ತಾಲ್ಲೂಕಿನ ಮೇಡ್ಲೇರಿಯೇ ಈ ಕಥೆಯ ಊರು.

ಚಿಕಾಗೋದಲ್ಲಿ ಮೊದಲ ಹೆಜ್ಜೆ

1974ರಲ್ಲಿ ಅಮೆರಿಕದ ಚಿಕಾಗೋ ನಗರದಲ್ಲಿದ್ದ ಕೆಲವು ಭಾರತೀಯರು ಸೇರಿ 'ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್' ಎಂಬ ಸಂಸ್ಥೆ ಕಟ್ಟಿದರು. ಅವರಲ್ಲಿ ಪ್ರಮುಖರಾದವರು ಅಲ್ಲಿ ನೌಕರಿಯಲ್ಲಿದ್ದ ಕನ್ನಡಿಗ ಎಸ್.ಆರ್. ಹಿರೇಮಠರು. ಬಿಡುವಿನ ವೇಳೆಯಲ್ಲಿ ದುಡಿಯುವುದು, ಹಣ ಕೂಡಿಸುವುದು, ಭಾರತದ ಹಳ್ಳಿಗಳಲ್ಲಿ ಕೆಲಸ ಮಾಡುವವರಿಗೆ ಅದನ್ನು ತಲುಪಿಸುವುದು ಅವರ ಕ್ರಮವಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ಇದು ಹತ್ತರಲ್ಲಿ ಹನ್ನೊಂದನೆಯ ದತ್ತಿಯಾಗುತ್ತಿತ್ತು. ಆದರೆ 1979ರಲ್ಲಿ ಹಿರೇಮಠರು ಅಲ್ಲಿನ ನೌಕರಿ ಬಿಟ್ಟು ಪತ್ನಿ ಶ್ಯಾಮಲಾ ಅವರೊಡನೆ ಊರಿಗೆ ಮರಳಿದರು. ಶ್ಯಾಮಲಾ ಹುಟ್ಟಿನಿಂದ ಅಮೆರಿಕದವರು. ಇಬ್ಬರೂ ಆಗಿನ ಅವಿಭಜಿತ ಧಾರವಾಡ ಜಿಲ್ಲೆಗೆ ಸೇರಿದ್ದ ಮೇಡ್ಲೇರಿಯ ಸುತ್ತಿನ ಹಳ್ಳಿಗಳಲ್ಲಿ ಗ್ರಾಮಾಭಿವೃದ್ಧಿಯ ಕೆಲಸಕ್ಕೆ ಕೈಹಾಕಿದರು. ಹಣ ಕಳಿಸುವವರು ಬೇರೆ, ಹಳ್ಳಿಯಲ್ಲಿ ಕೂತು ಕೇಳುವವರು ಬೇರೆ ಎಂಬ ಅಂತರ ಅಲ್ಲಿಗೆ ಅಳಿಯಿತು.

ನದಿ ಕೆಟ್ಟರೆ ಸಾಲವೆಷ್ಟು ಕೊಟ್ಟರೇನು?

ಹಳ್ಳಿಯಲ್ಲಿ ಕೂತವರಿಗೆ ದೂರದಿಂದ ಕಾಣದ ಸಂಗತಿಗಳು ಕಾಣತೊಡಗುತ್ತವೆ. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ ನೀಲಗಿರಿ ಮುಂತಾದ ಮರಗಳಿಂದ ರೇಯಾನ್ ನೂಲಿಗೆ ಬೇಕಾದ ತಿರುಳು ತೆಗೆಯುವ ಕಾರ್ಖಾನೆ ನಡೆಯುತ್ತಿತ್ತು. ಅದರ ಕೊಳೆನೀರು ತುಂಗಭದ್ರೆಗೆ ಸೇರಿ ಮೀನು ಸಾಯುತ್ತಿವೆ, ದನಕರುಗಳಿಗೂ ಜನರಿಗೂ ತೊಂದರೆಯಾಗುತ್ತಿದೆ ಎಂಬುದು ನದಿಪಾತ್ರದ ಹಳ್ಳಿಗಳ ದೂರಾಗಿತ್ತು. ಮೀನು ಹಿಡಿಯುವವನಿಗೆ ಬಲೆ ಕೊಳ್ಳಲು ಹಣ ಕೊಟ್ಟರೂ ಹೊಳೆಯಲ್ಲಿ ಮೀನೇ ಇಲ್ಲದಿದ್ದರೆ ಬಲೆಯಿಂದ ಏನು ಫಲ? ಹೀಗೆ 1984ರಲ್ಲಿ 'ಸಮಾಜ ಪರಿವರ್ತನ ಸಮುದಾಯ' ಎಂಬ ಇನ್ನೊಂದು ಸಂಸ್ಥೆ ಹುಟ್ಟಿತು. ನೆರವು ನೀಡುವ ಕೆಲಸದ ಜೊತೆಗೆ ಹಕ್ಕು ಕೇಳುವ ಕೆಲಸವೂ ಕೂಡಿಕೊಂಡಿತು.

ಅದೇ ವರ್ಷ ರಾಜ್ಯ ಸರ್ಕಾರವೂ ಆ ಕಾರ್ಖಾನೆಯೂ ಕೂಡಿ 'ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್' ಎಂಬ ಕಂಪನಿ ಮಾಡಿದವು. ನೀಲಗಿರಿ ಮುಂತಾದ ಮರ ಬೆಳೆಸಲು ಸುಮಾರು 30,000 ಹೆಕ್ಟೇರ್, ಅಂದರೆ 75,000 ಎಕರೆ 'ಸಿ ಮತ್ತು ಡಿ' ವರ್ಗದ ಭೂಮಿಯನ್ನು ಅದಕ್ಕೆ ಒದಗಿಸುವುದೆಂದು ಗೊತ್ತಾಯಿತು. ಕಡತದಲ್ಲಿ ಅದು ಪಾಳು ಭೂಮಿ. ರೈತರಿಗೆ ಅದೇ ದನ ಮೇಯುವ ಜಾಗ, ಸೌದೆ ಸೊಪ್ಪಿನ ಜಾಗ.

ಡಾ. ಶಿವರಾಮ ಕಾರಂತರ ಮುಂದಾಳತ್ವದಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿಗಳನ್ನು ಕಿತ್ತರು, ಆ ಜಾಗದಲ್ಲಿ ಊರಿಗೆ ಉಪಯುಕ್ತವಾದ ಮರಗಳ ಸಸಿ ಹಚ್ಚಿದರು. 1991ರಲ್ಲಿ ಆ ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು.

ನಮ್ಮ ಜಿಲ್ಲೆಗೂ ಇದು ಹೊಸತಲ್ಲ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸಿಮಡಿಗೆ ಹೋಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಊರಿದ್ದನ್ನು ಹಿರಿಯರು ಬಲ್ಲರು. ಅದಕ್ಕೆ ಯಾವ ಪರದೇಶದ ಹಣವೂ ಬೇಕಾಗಿರಲಿಲ್ಲ.

ಮುಂದೆ ಸಮಾಜ ಪರಿವರ್ತನ ಸಮುದಾಯವು 2009ರಲ್ಲಿ ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈನಲ್ಲಿ ಬಳ್ಳಾರಿಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಆಗಸ್ಟ್‌ನಲ್ಲಿ ಆ ಆದೇಶ ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಬಂತು. 2013ರ ಏಪ್ರಿಲ್‌ನಲ್ಲಿ ತೀರಾ ಅಕ್ರಮ ನಡೆಸಿದ್ದ ಗುತ್ತಿಗೆಗಳು ರದ್ದಾದವು. ಚಿಕಾಗೋದ ಗೆಳೆಯರ ಕೂಟದಲ್ಲಿ ಮೊಳೆತ ಕೆಲಸ ಹೀಗೆ ಚಿಕ್ಕನಾಯಕನಹಳ್ಳಿಯ ಗಣಿಯ ತನಕ ಬೇರು ಬಿಟ್ಟಿತು.

ಹಣ ಬರುವ ದಾರಿ

ಇನ್ನು ವ್ಯವಹಾರದ ಮಾತು. ಊರಿನ ಸಂಘಕ್ಕೆ ಹೊರದೇಶದಿಂದ ಹಣ ಬರುವುದಕ್ಕೆ ಕಾನೂನಿನ ಕಟ್ಟುಪಾಡು ಇದೆ. ತಿಳಿಯದೆ ಪಡೆದರೆ ಪಡೆದವರೇ ಸಿಕ್ಕಿಬೀಳುತ್ತಾರೆ.

ಕೊಡುವವರು ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡವರಾಗಿದ್ದು, ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದವರ ಹಣ, ಅವರು ನಮ್ಮೂರಲ್ಲೇ ಹುಟ್ಟಿದವರಾದರೂ, ವಿದೇಶಿ ವಂತಿಗೆಯೇ. ಅಲ್ಲಿ ಕಟ್ಟಿದ ದತ್ತಿಸಂಸ್ಥೆಯ ಹಣವೂ ಹಾಗೆಯೇ. ಅದನ್ನು ಪಡೆಯುವ ಸಂಘಕ್ಕೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಂತೆ ಕೇಂದ್ರ ಸರ್ಕಾರದ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ನಂತರ ಹೀಗೆ ಪಡೆದ ಹಣವನ್ನು ಒಂದು ಸಂಘ ಇನ್ನೊಂದು ಸಂಘಕ್ಕೆ ದಾಟಿಸುವಂತಿಲ್ಲ. ಆಡಳಿತದ ಖರ್ಚು ನೂರಕ್ಕೆ ಇಪ್ಪತ್ತನ್ನು ಮೀರುವಂತಿಲ್ಲ. ಆದ್ದರಿಂದ ನಿನ್ನೆ ಹುಟ್ಟಿದ ಊರಿನ ಸಂಘಕ್ಕೆ ಇದು ಸುಲಭದ ದಾರಿಯಲ್ಲ. ನೋಂದಣಿ ಇರುವ ನಂಬಿಕಸ್ಥ ಸಂಸ್ಥೆಯೇ ಊರಿಗೆ ಬಂದು ಕೆಲಸ ಮಾಡಿಸುವುದು ಲೇಸು.

ಊರಿನವರು ಸಂಘ ಕಟ್ಟಿಕೊಳ್ಳಲು ಅಡ್ಡಿಯಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಸೇರಿದರೆ ಸಾಕು. ಆದರೆ ವರ್ಷಕ್ಕೊಮ್ಮೆ ಸಭೆ, ನಡಾವಳಿ ಪುಸ್ತಕ, ತಪಾಸಣೆಯಾದ ಜಮಾಖರ್ಚು ಇವನ್ನು ತಪ್ಪಿಸಬಾರದು. ಲೆಕ್ಕ ಅರಳಿಕಟ್ಟೆಯಲ್ಲಿ ಓದುವಂತಿರಬೇಕು.

ಮೊದಲು ಊರು ಕೂರಲಿ

ಕೊಡುವುದನ್ನು ನಮ್ಮ ಸೀಮೆಗೆ ಯಾರೂ ಕಲಿಸಬೇಕಿಲ್ಲ. ಕ್ಯಾತ್ಸಂದ್ರದ ಪಕ್ಕದ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳ ಊಟಕ್ಕೆ ಹಳ್ಳಿಹಳ್ಳಿಯ ರೈತರು ಧಾನ್ಯ, ಕಾಯಿ ಒಪ್ಪಿಸುತ್ತ ಬಂದಿದ್ದಾರೆ. ಪಡೆಯುವುದನ್ನು ಮಾತ್ರ ನಾವು ಕಲಿಯಬೇಕಾಗಿದೆ. ಹಣ ಬರುತ್ತದೆಂದು ತಿಳಿದ ಮೇಲೆ ಕೆಲಸ ಹುಡುಕುವುದು ಪದ್ಧತಿಯಾಗಬಾರದು. ಕೆರೆಯ ಹೂಳೋ, ಒತ್ತುವರಿಯಾದ ಗೋಮಾಳವೋ, ಹೆಣ್ಣುಮಕ್ಕಳ ಓದೋ, ಊರಿಗೆ ಯಾವುದು ಮೊದಲು ಎಂಬುದನ್ನು ಎಲ್ಲ ಕೇರಿಯವರೂ ಸೇರಿ ತೀರ್ಮಾನಿಸಬೇಕು. ಅದಕ್ಕೆ ಊರಿನ ಪಾಲೆಷ್ಟು, ಶ್ರಮವೆಷ್ಟು, ಕೊಡುವವರು ಕೈಬಿಟ್ಟ ಮೇಲೆ ನೋಡಿಕೊಳ್ಳುವವರು ಯಾರು ಎಂಬುದನ್ನೂ ಬರೆದಿಡಬೇಕು.

ಮೇಡ್ಲೇರಿಯ ಕಥೆಯಿಂದ ತಿಳಿಯುವುದು ಇಷ್ಟೇ. ಹಣ ಬಂದದ್ದಕ್ಕಿಂತ ಜನ ಬಂದದ್ದು ದೊಡ್ಡದು. ಅವರು ಬಂದದ್ದಕ್ಕಿಂತಲೂ ಊರಿನವರು ಅವರೊಡನೆ ನಿಂತದ್ದು ದೊಡ್ಡದು. ಮುಂದಿನ ಹಬ್ಬಕ್ಕೆ ಮಗ ಬಂದು "ಏನು ಮಾಡೋಣ?" ಎಂದರೆ, "ಎಷ್ಟು ಕೊಡುತ್ತೀಯಪ್ಪ?" ಎಂದು ಕೇಳಬೇಡಿ. ಊರಿನವರು ತೀರ್ಮಾನಿಸಿ ಬರೆದಿಟ್ಟದ್ದನ್ನು ಅವನ ಕೈಗೆ ಕೊಟ್ಟು, "ವರ್ಷಕ್ಕೊಮ್ಮೆ ಬಂದು ನಮ್ಮೊಡನೆ ಕೂತು ಲೆಕ್ಕ ನೋಡುತ್ತೀಯಾ?" ಎಂದು ಕೇಳಿ.