ಗಣಕಜಾಲ ಪ್ರಮಾಣಪತ್ರ: ಶುಲ್ಕ ತೆರುವ ಮುನ್ನ

ಭಾರತದ ಗಣಕಜಾಲದ ಇತಿಹಾಸದಲ್ಲಿ ಮುಂಬಯಿ ನಗರಕ್ಕೆ ವಿಶಿಷ್ಟ ಸ್ಥಾನವಿದೆ. 1986ರಲ್ಲಿ ಆರಂಭವಾದ ಎರ್ನೆಟ್ ಯೋಜನೆಯಲ್ಲಿ ಪವಾಯಿಯ ಐಐಟಿ ಹಾಗೂ ಜುಹೂವಿನ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರಗಳು ಪಾಲ್ಗೊಂಡಿದ್ದವು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆಯನ್ನು ತೆರೆದಾಗ ಅದನ್ನು ಮೊದಲು ಪಡೆದ ನಗರಗಳಲ್ಲಿ ಮುಂಬಯಿಯೂ ಒಂದು. ಇಂದು ವರ್ಸೋವಾ ತೀರದಲ್ಲಿ ಸಮುದ್ರದಡಿಯ ಕೇಬಲುಗಳು ದಡ ಸೇರುತ್ತವೆ. ನವಿ ಮುಂಬಯಿಯ ಐರೋಲಿ, ಮಹಾಪೆಗಳಲ್ಲಿ ದತ್ತಾಂಶ ಕೇಂದ್ರಗಳು ನೆಲೆಗೊಂಡಿವೆ. ಬ್ಯಾಂಕು, ಆಸ್ಪತ್ರೆ, ಬಂದರು, ರೈಲ್ವೆಗಳೆಲ್ಲವೂ ಗಣಕಜಾಲವನ್ನು ಅವಲಂಬಿಸಿವೆ.

ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತು ಬದುಕು ಕಟ್ಟಿಕೊಂಡವರು ಮುಂಬಯಿ ಕನ್ನಡಿಗರಲ್ಲಿ ಅನೇಕರು. ಇಂದಿನ ಯುವಜನರಿಗೂ ದುಡಿಯುತ್ತಲೇ ಕಲಿಯುವ ಅನಿವಾರ್ಯತೆ ತಪ್ಪಿಲ್ಲ. ಇಂಥವರಲ್ಲಿ ಹಲವರ ಮುಂದಿರುವ ಪ್ರಶ್ನೆ, ಗಣಕಜಾಲದ ಆರಂಭಿಕ ಪ್ರಮಾಣಪತ್ರವನ್ನು ಪಡೆಯಬೇಕೇ ಬೇಡವೇ ಎಂಬುದು. ಕುಟುಂಬದ ಉಳಿತಾಯ ಹಾಗೂ ಹಲವು ತಿಂಗಳ ಶ್ರಮ ಇದರಲ್ಲಿ ಅಡಗಿರುವುದರಿಂದ ನಿರ್ಧಾರವನ್ನು ವಿವೇಚನೆಯಿಂದ ಕೈಗೊಳ್ಳುವುದು ಅಗತ್ಯ.

ಪ್ರಮಾಣಪತ್ರದ ಸ್ವರೂಪ

ಈ ಕ್ಷೇತ್ರದಲ್ಲಿ ಎರಡು ಪರೀಕ್ಷೆಗಳು ಹೆಚ್ಚು ಪರಿಚಿತವಾಗಿವೆ. ಸಿಸ್ಕೋ ಸಂಸ್ಥೆಯು 1998ರಲ್ಲಿ ಆರಂಭಿಸಿದ ಸಿಸಿಎನ್‌ಎ ಪ್ರಮಾಣಪತ್ರಕ್ಕೆ 2020ರ ಫೆಬ್ರವರಿಯಿಂದ 120 ನಿಮಿಷಗಳ ಒಂದೇ ಪರೀಕ್ಷೆಯಿದೆ. ಕಾಂಪ್‌ಟಿಯಾ ಸಂಸ್ಥೆಯ ನೆಟ್‌ವರ್ಕ್ ಪ್ಲಸ್ ಪರೀಕ್ಷೆಯ ಅವಧಿ 90 ನಿಮಿಷಗಳು. ಮೊದಲನೆಯದು ಸಿಸ್ಕೋ ಉಪಕರಣಗಳನ್ನು ಆಧರಿಸಿದ್ದರೆ, ಎರಡನೆಯದು ಯಾವುದೇ ಒಂದು ತಯಾರಕರಿಗೆ ಸೀಮಿತವಾಗಿಲ್ಲ. ಇವೆರಡಕ್ಕೂ ನಿಗದಿತ ಪೂರ್ವವಿದ್ಯಾರ್ಹತೆ ಇಲ್ಲ. ಎರಡರ ಮಾನ್ಯತೆಯೂ 3 ವರ್ಷ ಮಾತ್ರ, ಅನಂತರ ನವೀಕರಿಸಿಕೊಳ್ಳಬೇಕು. ಈ ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆಯುವ ಅವಕಾಶ ಇಲ್ಲದಿರುವುದರಿಂದ ತಾಂತ್ರಿಕ ಇಂಗ್ಲಿಷನ್ನು ಓದಿ ಗ್ರಹಿಸುವ ಅಭ್ಯಾಸ ಬೇಕಾಗುತ್ತದೆ.

ಸಿಸಿಎನ್‌ಎ ಪರೀಕ್ಷೆಯ ಶುಲ್ಕ 300 ಅಮೆರಿಕನ್ ಡಾಲರ್. ರೂಪಾಯಿಯಲ್ಲಿ ಇದು 25 ಸಾವಿರವನ್ನು ಮೀರುತ್ತದೆ, ತೆರಿಗೆ ಪ್ರತ್ಯೇಕ. ಅನುತ್ತೀರ್ಣರಾದವರು ಮತ್ತೆ ಬರೆಯಬೇಕಾದರೆ ಶುಲ್ಕವನ್ನು ಪುನಃ ತೆರಬೇಕು. ತರಬೇತಿ ಕೇಂದ್ರಗಳು ಪಡೆಯುವ ಹಣ ಇದರಲ್ಲಿ ಸೇರಿರಬೇಕೆಂದಿಲ್ಲ. ಅಲ್ಲದೆ, ತರಬೇತಿ ಕೇಂದ್ರವು ತಾನೇ ನೀಡುವ ಪ್ರಮಾಣಪತ್ರವೂ ಈ ಪರೀಕ್ಷೆಯ ಪ್ರಮಾಣಪತ್ರವೂ ಬೇರೆ ಬೇರೆ. ಹಣ ಕಟ್ಟುವ ಮುನ್ನ, ಪರೀಕ್ಷಾ ಶುಲ್ಕವೂ ಸೇರಿದೆಯೇ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳುವುದು ಕ್ಷೇಮ.

ಯಾರಿಗೆ ಉಪಯುಕ್ತ?

ಪದವಿ ಅಥವಾ ಡಿಪ್ಲೊಮಾ ಪಡೆದು ಮೊದಲ ಉದ್ಯೋಗವನ್ನು ಅರಸುತ್ತಿರುವವರಿಗೆ ಈ ಪ್ರಮಾಣಪತ್ರವು ಸಂದರ್ಶನದ ಬಾಗಿಲನ್ನು ತೆರೆಯಬಲ್ಲದು. ಗಣಕಯಂತ್ರ ದುರಸ್ತಿ, ಕೇಬಲ್ ಜೋಡಣೆ ಅಥವಾ ಕಚೇರಿಗಳ ಸಹಾಯಕೇಂದ್ರದಲ್ಲಿ ಈಗಾಗಲೇ ದುಡಿಯುತ್ತಿರುವವರಿಗೆ ಮೇಲಿನ ಹಂತಕ್ಕೇರಲು ಅದು ನೆರವಾಗುತ್ತದೆ. ತಂತ್ರಾಂಶ ರಚನೆ ಅಥವಾ ಲೆಕ್ಕಪತ್ರ ವಿಭಾಗದಲ್ಲಿ ಆಸಕ್ತಿಯುಳ್ಳವರಿಗೆ ಇದರಿಂದಾಗುವ ಪ್ರಯೋಜನ ಅಲ್ಪ. ಪ್ರಮಾಣಪತ್ರವೊಂದೇ ಉದ್ಯೋಗವನ್ನು ದೊರಕಿಸಿಕೊಡಲಾರದು. ಉದ್ಯೋಗದ ಖಾತರಿ ನೀಡುವ ಜಾಹೀರಾತುಗಳ ವಿಷಯದಲ್ಲಿ ಎಚ್ಚರವಿರಬೇಕು.

ಕೆಲಸದ ವೇಳೆಯನ್ನೂ ಗಮನಿಸಬೇಕು. ಜಾಲಗಳ ಮೇಲ್ವಿಚಾರಣೆ ದಿನದ 24 ಗಂಟೆಯೂ ನಡೆಯುವುದರಿಂದ ಆರಂಭದ ಹುದ್ದೆಗಳಲ್ಲಿ ರಾತ್ರಿಪಾಳಿ ಸಾಮಾನ್ಯ. ಲೋಕಲ್ ರೈಲುಗಳು ನಡುರಾತ್ರಿಯ ಬಳಿಕ ಕೆಲವು ಗಂಟೆ ಓಡುವುದಿಲ್ಲ. ವಿರಾರ್ ಅಥವಾ ಡೊಂಬಿವಲಿಯಲ್ಲಿ ವಾಸಿಸುವವರು ಐರೋಲಿಯ ಪಾಳಿಯನ್ನು ಒಪ್ಪಿಕೊಳ್ಳುವ ಮುನ್ನ ಪ್ರಯಾಣದ ವ್ಯವಸ್ಥೆಯನ್ನು ವಿಚಾರಿಸಿಕೊಳ್ಳಬೇಕು.

ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಬಗೆ

ಈ ವಿದ್ಯೆ ತನಗೆ ಒಗ್ಗುವುದೇ ಎಂಬುದನ್ನು ಹಣ ವ್ಯಯಿಸದೆಯೇ ಅರಿಯಬಹುದು. ಒಂದು ಉದಾಹರಣೆಯನ್ನು ನೋಡೋಣ. ಕಚೇರಿಯೊಂದರಲ್ಲಿ 4 ವಿಭಾಗಗಳಿವೆ. ಪ್ರತಿಯೊಂದರಲ್ಲೂ 50 ಗಣಕಯಂತ್ರಗಳಿವೆ. ಇರುವುದು 256 ವಿಳಾಸಗಳ ಒಂದೇ ಸಮೂಹ. ಇದನ್ನು 4 ಸಮಭಾಗ ಮಾಡಿದರೆ ಪ್ರತಿ ಭಾಗಕ್ಕೆ 64 ವಿಳಾಸಗಳು ದೊರೆಯುತ್ತವೆ. ಪ್ರತಿ ಭಾಗದ ಮೊದಲನೆಯದು ಆ ಉಪಜಾಲವನ್ನು ಸೂಚಿಸುವುದಕ್ಕೂ, ಕೊನೆಯದು ಅಲ್ಲಿನ ಎಲ್ಲ ಯಂತ್ರಗಳಿಗೆ ಒಮ್ಮೆಲೇ ಸಂದೇಶ ಕಳುಹಿಸುವುದಕ್ಕೂ ಮೀಸಲು. ಉಳಿದ 62 ವಿಳಾಸಗಳನ್ನು ಬಳಸಬಹುದು. ದ್ವಾರದಂತಿರುವ ರೂಟರಿಗೆ ಒಂದನ್ನು ಕೊಟ್ಟರೂ 50 ಯಂತ್ರಗಳಿಗೆ ಸಾಕಾಗುತ್ತದೆ. ಇಂಥ ಲೆಕ್ಕವನ್ನು ಬಿಡಿಸುವುದರಲ್ಲಿ, ತಪ್ಪಿದಲ್ಲಿ ಕಾರಣ ಹುಡುಕುವುದರಲ್ಲಿ ಆಸಕ್ತಿ ಮೂಡಿದರೆ ಅದು ಶುಭಸೂಚನೆ.

ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯು ಉಚಿತವಾಗಿ ಒದಗಿಸುವ ಪ್ಯಾಕೆಟ್ ಟ್ರೇಸರ್ ತಂತ್ರಾಂಶದಲ್ಲಿ, ಉಪಕರಣಗಳಿಲ್ಲದೆಯೇ ಜಾಲವನ್ನು ನಿರ್ಮಿಸಿ ನೋಡಬಹುದು. ಲಿನಕ್ಸ್ ಕಲಿಯಲಿಚ್ಛಿಸುವವರಿಗೆ ಐಐಟಿ ಮುಂಬಯಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳು ಕನ್ನಡದಲ್ಲಿಯೂ ಲಭ್ಯವಿವೆ. ಉಪಕರಣಗಳನ್ನು ಕೈಯಾರೆ ಬಳಸಬಯಸುವವರು ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಹಳೆಯ ಸ್ವಿಚ್ಚುಗಳಿಗಾಗಿ ವಿಚಾರಿಸಬಹುದು.

ಇತರ ಮಾರ್ಗಗಳು

ಹತ್ತನೆಯ ತರಗತಿ ಮುಗಿಸಿದವರಿಗೆ ಐಟಿಐಗಳ ಗಣಕಯಂತ್ರ ಹಾರ್ಡ್‌ವೇರ್ ಮತ್ತು ಜಾಲ ನಿರ್ವಹಣಾ ವೃತ್ತಿಶಿಕ್ಷಣವು ಹೆಚ್ಚು ಭದ್ರವಾದ ಬುನಾದಿಯಾಗಬಹುದು. ಪದವೀಧರರು ಹಾಗೂ ಡಿಪ್ಲೊಮಾ ಪಡೆದವರು 1961ರ ಶಿಶಿಕ್ಷು ಅಧಿನಿಯಮದ ಅನ್ವಯ ಶಿಷ್ಯವೇತನದೊಂದಿಗೆ ತರಬೇತಿ ಪಡೆಯಬಹುದು. ಈ ಕಾರ್ಯವನ್ನು ನೋಡಿಕೊಳ್ಳುವ ಪಶ್ಚಿಮ ವಲಯದ ಮಂಡಳಿಯ ಕಚೇರಿ ಮುಂಬಯಿಯಲ್ಲಿಯೇ ಇದೆ. ಮೊದಲು ಅನುಭವ ಗಳಿಸಿ, ಬಳಿಕ ಸ್ವಂತ ಸಂಪಾದನೆಯಿಂದ ಪರೀಕ್ಷೆ ಬರೆಯುವುದು ಸಾಲ ಮಾಡುವುದಕ್ಕಿಂತ ಮೇಲು.

ಆದ್ದರಿಂದ ಅಭ್ಯರ್ಥಿಗಳು ಮೊದಲ ಎರಡು ಮೂರು ತಿಂಗಳು ಉಚಿತ ಸಾಧನಗಳಿಂದಲೇ ಕಲಿಯುವುದು ಸೂಕ್ತ. ಪುಸ್ತಕ ನೋಡದೆ ಸಣ್ಣ ಜಾಲವೊಂದನ್ನು ರಚಿಸುವ, ಅದು ಕೆಟ್ಟಾಗ ಸರಿಪಡಿಸುವ ಸಾಮರ್ಥ್ಯ ಬಂದ ಮೇಲೆ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ಆಸಕ್ತಿ ಹುಟ್ಟದಿದ್ದಲ್ಲಿ ಅಷ್ಟಕ್ಕೇ ನಿಲ್ಲಿಸಿ, ಉಳಿತಾಯದ ಹಣವನ್ನು ತಮಗೆ ಒಪ್ಪುವ ಬೇರೊಂದು ಶಿಕ್ಷಣಕ್ಕೆ ವಿನಿಯೋಗಿಸಬಹುದು.